ಕೋಟೆಯ ಮೇಲಿಂದ ಕಂಡ ನೀರು

ಕೆಲಸ ಹೋದ ಮೇಲೆ ನಾನು ಮುಖ ಇಳಿಬಿಟ್ಟುಕೊಂಡು ಮನೆಯಲ್ಲೇ ಕೂತಿದ್ದೆ. "ಕೋಟೆ ಹತ್ತಿ ಕೆಳಗೆ ನೋಡಲೇ, ನಿನ್ನ ಕಷ್ಟ ಎಷ್ಟು ಸಣ್ಣದು ಅಂತ ಗೊತ್ತಾಗ್ತೈತೆ" ಎಂದ ಗೆಳೆಯ. ನಮ್ಮ ಮನೆ ಕೋಟೆಯ ಬುಡದಲ್ಲೇ ಇದ್ದರೂ ನಾನು ಹತ್ತಿ ವರ್ಷಗಳಾಗಿದ್ದವು. ಏದುಸಿರು ಬಿಡುತ್ತ ಹತ್ತಿದೆ. ನಿಜ, ಇಡೀ ದುರ್ಗದ ಊರು ಅಂಗೈಯಗಲ ಕಾಣಿಸಿತು. ಮನಸ್ಸು ಹಗುರವಾಗುವ ಹೊತ್ತಿಗೆ ನಮ್ಮ ತಾರಸಿಯೂ ಕಂಡಿತು. ಟ್ಯಾಂಕು ತುಂಬಿ, ನೀರು ಬಿಸಿಲಿಗೆ ಹೊಳೆಯುತ್ತ ಬೀದಿಗೆ ಸುರಿಯುತ್ತಿತ್ತು. ವಾರಕ್ಕೊಮ್ಮೆ ನಲ್ಲಿಯಲ್ಲಿ ಬರುವ ನೀರು ಅದು. ಟ್ಯಾಂಕಿಗೆ ಏರಿಸಲು ಮೋಟಾರು ಹಾಕಿದವನು ಆರಿಸದೆ ಬಂದಿದ್ದೆ.

ಎದ್ದೆನೋ ಬಿದ್ದೆನೋ ಎಂದು ಓಡಿಬಂದರೆ, ಅಕ್ಕಪಕ್ಕದವರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಸಂತೆಯಿಂದ ಆಗಷ್ಟೇ ಬಂದ ಹೆಂಡತಿ, ಕೆಲಸ ಹೋದಾಗ ತುಟಿ ಎರಡು ಮಾಡದವಳು, ಈಗ ಬಾಯಿ ತೆರೆದಳು: "ಕೆಲ್ಸ ಇನ್ನೊಂದು ಸಿಗ್ತೈತೆ ಕಣ್ರೀ. ನೀರು ಯಾರು ಕೊಡ್ತಾರೆ?"