ನನ್ನ ಪಾತ್ರಕ್ಕೆ ನನ್ನದೇ ದನಿ

ಅಪ್ಪ ನೇಪಾಳದವನು. ಹಿರಿಯೂರಿನ ಹೆದ್ದಾರಿ ಪಕ್ಕದ ಹೋಟೆಲಿಗೆ ಅಡುಗೆ ಕೆಲಸಕ್ಕೆಂದು ಬಂದು, ತುರುವನೂರಿನ ರೈತರ ಮಗಳಾದ ನಮ್ಮವ್ವನನ್ನು ಮದುವೆಯಾಗಿ ಅಲ್ಲೇ ನಿಂತ. ನನಗೆ ಬಂದಿದ್ದು ಅಪ್ಪನ ಕಣ್ಣು, ಅವ್ವನ ನಾಲಗೆ. ಸಿನಿಮಾದವರಿಗೆ ಕಣ್ಣಷ್ಟೇ ಕಾಣುತ್ತಿತ್ತು.

ಮೊದಲ ಎರಡು ಚಿತ್ರಗಳಲ್ಲಿ ನಾನು ಬ್ಯೂಟಿ ಪಾರ್ಲರಿನ ಹುಡುಗಿ, ಮಾತೇ ಇರಲಿಲ್ಲ. ಮೂರನೆಯದರ ಚಿತ್ರೀಕರಣ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ. ಸಂತೆಯಲ್ಲಿ ಸ್ವೆಟರ್ ಮಾರುವವಳ ಪಾತ್ರ. ಕೈಗೆ ಕೊಟ್ಟ ಹಾಳೆಯಲ್ಲಿ ನನ್ನ ಮಾತು ಹೀಗಿತ್ತು: "ನೀನು ತಗೋತೀನಿ, ನಾನು ಕಮ್ಮಿ ಕೊಡ್ತೀಯ."

ನಿರ್ದೇಶಕರ ಹತ್ತಿರ ಹೋದೆ. "ಸರ್, ಇವಳು ಹತ್ತು ವರ್ಷದಿಂದ ಇಲ್ಲೇ ವ್ಯಾಪಾರ ಮಾಡ್ತಿದ್ದಾಳೆ ಅಂತ ಕತೆಯಲ್ಲೇ ಇದೆ. ಭಾಷೆ ಬರದೆ ಇರುತ್ತಾ?"

"ನಿಮ್ಮ ಮುಖ ನೋಡಿದ ತಕ್ಷಣ ಜನ ನಗಬೇಕಮ್ಮ. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಗಿರಾಕಿಯ ಪಾತ್ರಕ್ಕೆ ಅದೇ ಊರಿನ ಹೆಂಗಸೊಬ್ಬರನ್ನು ನಿಲ್ಲಿಸಿದ್ದರು. ಕ್ಯಾಮೆರಾ ಓಡುತ್ತಿದ್ದಂತೆ ಅವರು ಚೌಕಾಸಿ ಶುರು ಮಾಡಿದರು. ನಾನು ಹಾಳೆಯಲ್ಲಿದ್ದುದನ್ನು ಹೇಳಲಿಲ್ಲ.

"ಯಕ್ಕಾ, ಮುಟ್ಟಿ ನೋಡ್ರಿ. ಬ್ಯಾಡಂದ್ರೆ ಅಲ್ಲೇ ಇಡ್ರಿ. ಉಣ್ಣೇದು ಇದು, ಗೋಣಿಚೀಲ ಅಲ್ಲ."

ಅವರು ನಟಿಸುವುದನ್ನೇ ಬಿಟ್ಟು, "ಏನವ್ವ, ನಮ್ಮಂಗೇ ಮಾತಾಡ್ತೀಯಲ್ಲ" ಎಂದರು.

"ನಾನೂ ಈ ಕಡೆಯೋಳೇ ಕಣಕ್ಕ. ನಮ್ಮವ್ವಂದು ತುರುವನೂರು."

ನಿರ್ದೇಶಕರು ಕಟ್ ಹೇಳಿ ಮತ್ತೆ ನಾಲ್ಕು ಸಲ ತೆಗೆದರು. ನಾಲ್ಕೂ ಸಲ ಹಾಗೇ ಹೇಳಿದೆ. "ಬಿಡಿ, ಡಬ್ಬಿಂಗ್‌ನಲ್ಲಿ ನೋಡ್ಕೋತೀವಿ" ಎಂದರು.

ನೋಡಿಕೊಂಡರು ಕೂಡ. ಚಿತ್ರದುರ್ಗದ ಟಾಕೀಸಿನಲ್ಲಿ ಅವ್ವನ ಪಕ್ಕ ಕುಳಿತು ನೋಡಿದೆ. ತೆರೆಯ ಮೇಲೆ ನನ್ನ ತುಟಿ ಒಂದು ಹೇಳುತ್ತಿತ್ತು, ಯಾರೋ ಹೆಣ್ಣುಮಗಳ ದನಿ ಆ ಮುರುಕು ಕನ್ನಡವನ್ನೇ ಹೇಳುತ್ತಿತ್ತು. ಜನ ನಕ್ಕರು. ಅವ್ವ ನಗಲಿಲ್ಲ. ಹೊರಗೆ ಬಂದ ಮೇಲೆ, "ನಿಮ್ಮಪ್ಪ ಬಂದ ವರ್ಷಾನೂ ಇಷ್ಟು ಕೆಟ್ಟದಾಗಿ ಮಾತಾಡಿರಲಿಲ್ಲ" ಎಂದಳು. ಸ್ವಲ್ಪ ದೂರ ನಡೆದು, "ಇನ್ನೊಂದ್ಸಲ ಹಿಂಗೆ ಮಾಡಾಕೆ ಬಿಡಬ್ಯಾಡ" ಎಂದಳು.

ಬಿಡಲಿಲ್ಲ. ನನ್ನ ಪಾತ್ರಕ್ಕೆ ನಾನೇ ದನಿ ಕೊಡುತ್ತೇನೆ, ಕರಾರಿನಲ್ಲಿ ಹಾಗೆಂದು ಬರೆಯಿರಿ ಎಂದು ಕೇಳತೊಡಗಿದೆ. ಫೋನು ಬರುವುದು ನಿಂತಿತು. ಎರಡು ವರ್ಷ ಹೊಳಲ್ಕೆರೆಯ ಶಾಲೆಯೊಂದರಲ್ಲಿ ನಾಟಕ ಕಲಿಸಿದೆ. "ಅಷ್ಟೊಂದು ಹಟ ಯಾಕೆ?" ಎಂದವರಿಗೆ ಉತ್ತರ ಕೊಡುವುದನ್ನೂ ಬಿಟ್ಟೆ.

ಆಮೇಲೆ ಹೊಸ ನಿರ್ದೇಶಕಿಯೊಬ್ಬರು ಬಸ್ ಕಂಡಕ್ಟರ್ ಪಾತ್ರ ಹಿಡಿದು ಬಂದರು. ಇವಳು ಎಲ್ಲಿಂದ ಬಂದವಳು ಎಂದು ಕೇಳಿದೆ. "ಎಲ್ಲಿಂದಲೂ ಇಲ್ಲ. ಇಲ್ಲಿಯ ಕಂಡಕ್ಟರ್, ಅಷ್ಟೇ" ಎಂದರು. ಡಬ್ಬಿಂಗ್ ನಾನೇ ಮಾಡಿದೆ. ಅದಾದ ಮೇಲೆ ಬಂದ ಪಾತ್ರಗಳಿಗೆಲ್ಲ ನನ್ನದೇ ದನಿ.

ಸಂದರ್ಶನಕ್ಕೆ ಬಂದವರು ಈಗಲೂ ಊರು ಕೇಳುತ್ತಾರೆ. ಹಿರಿಯೂರು ಎನ್ನುತ್ತೇನೆ.

"ಅಲ್ಲ ಮೇಡಂ, ಮೂಲ?"

"ಅಪ್ಪಂದು ನೇಪಾಳ, ಅವ್ವಂದು ತುರುವನೂರು, ನಂದು ಹಿರಿಯೂರು. ಮೂರನ್ನೂ ಬರ್ಕಳ್ರಿ."