ಐದರ ಮೇಲಿಟ್ಟ ಕೈ

ಖಣಲ್! ಹಲ್ಲಿನ ಡಾಕ್ಟರು ಏಳನೇ ನಂಬರಿನ ಗಾಲ್ಫ್ ಕೋಲನ್ನು ಚೀಲಕ್ಕೆ ಎಸೆದ ರಭಸಕ್ಕೆ ಉಳಿದ ಕೋಲುಗಳೆಲ್ಲ ಒಂದಕ್ಕೊಂದು ಬಡಿದುಕೊಂಡವು. ಚೀಲ ಹೊತ್ತಿದ್ದ ಗಜಕಡ್ಡಿಯ ಹೆಗಲು ಜಗ್ಗಿತು. ಡಾಕ್ಟರು ಹೊಡೆದ ಚೆಂಡು ಆಗಷ್ಟೇ ಕೊಳದ ಪಾಲಾಗಿತ್ತು.

"ಏಳು ಕೊಟ್ಯಲ್ಲೋ! ಕಣ್ಣಲ್ಲೇನು ಮಣ್ಣಿತ್ತಾ?"

ಆ ಗಾಲ್ಫ್ ಮೈದಾನದಲ್ಲಿ ಚೀಲ ಹೊರುವವರಿಗೊಂದು ಕಟ್ಟುಪಾಡಿತ್ತು. ಯಾವ ಕೋಲು ಎಂದು ಬಾಯಿಬಿಟ್ಟು ಹೇಳಬಾರದು. ಅದರ ತಲೆಯ ಮೇಲೆ ಸುಮ್ಮನೆ ಕೈಯಿಟ್ಟು ನಿಲ್ಲಬೇಕು. ಆಡುವವರು ತಾವೇ ಆರಿಸಿಕೊಂಡಂತೆ ಎಳೆದುಕೊಳ್ಳುತ್ತಾರೆ. ಹೊಡೆತ ಕೂಡಿಬಂದರೆ ಅವರ ಜಾಣತನ. ಕೆಟ್ಟರೆ ಹೊತ್ತವನು "ತಪ್ಪಾಯ್ತು ಸಾರ್" ಅನ್ನಬೇಕು. ಮೂವತ್ತು ವರ್ಷಗಳಿಂದ ಗಜಕಡ್ಡಿ ಹಾಗೇ ಅನ್ನುತ್ತ ಬಂದಿದ್ದ.

ಸೊರಗಿದ, ಉದ್ದನೆಯ ಆಳು. ಅವನ ಒಂದು ಹೆಜ್ಜೆ ಎಂದರೆ ತಪ್ಪದೆ ಒಂದು ಗಜ. ಹೆಸರು ಬಂದದ್ದೇ ಹಾಗೆ. ದಿನವೂ ಎಲ್ಲರಿಗಿಂತ ಮೊದಲು ಬಂದು, ಆ ದಿನ ಕುಳಿಗಳ ಬಾವುಟಗಳನ್ನು ಎಲ್ಲಿ ನೆಟ್ಟಿದ್ದಾರೆಂದು ನಡೆದೇ ಅಳೆಯುತ್ತಿದ್ದ. "ಮನೇಲೂ ಒಲೆಯಿಂದ ಬಾಗಿಲಿಗೆ ಎಷ್ಟು ಅಂತ ಎಣಿಸ್ತಾರೆ. ಹಾಲು ಉಕ್ಕಿದ್ದು ಮಾತ್ರ ಕಾಣಲ್ಲ," ಎಂದು ಹೆಂಡತಿ ಛೇಡಿಸುತ್ತಿದ್ದಳು.

ಕೊಳದಾಚೆಯ ಕುಳಿಗೆ ನೂರೈವತ್ತು ಗಜ ಎಂದು ಫಲಕ ಹೇಳುತ್ತಿತ್ತು. ಅದು ಹುಲ್ಲುಹಾಸಿನ ಈಚೆಯ ಅಂಚಿಗೆ. ಬಾವುಟ ಅಲ್ಲಿಂದ ಇನ್ನೂ ಹನ್ನೆರಡು ಹೆಜ್ಜೆ ಆಚೆಗಿತ್ತು. ಹೊಡೆಯುವ ಜಾಗಕ್ಕೆ ಮರಗಳ ಮರೆ. ಹೊಡೆಯುವ ಮುನ್ನ ಡಾಕ್ಟರು ಹುಲ್ಲು ಕಿತ್ತು ತೂರಿದಾಗ ಅದು ಅವರ ಕಾಲಬುಡಕ್ಕೇ ಬಿತ್ತು. "ಗಾಳಿಯೇ ಇಲ್ಲ," ಎಂದರು. ಕೊಳದ ನಡುವೆ ನೀರು ಇವರತ್ತಲೇ ಸುಕ್ಕುಗಟ್ಟಿ ಬರುತ್ತಿದ್ದುದನ್ನು ಕಂಡವನು ಗಜಕಡ್ಡಿ ಒಬ್ಬನೇ. ಎದುರುಗಾಳಿ. ನಂಬರು ಚಿಕ್ಕದಾದಷ್ಟೂ ಚೆಂಡು ದೂರ ಹೋಗುತ್ತದೆ. ಅವನು ಐದರ ಮೇಲೆ ಕೈಯಿಟ್ಟಿದ್ದ.

ಆದರೆ ಜೊತೆಗೆ ಆಡುತ್ತಿದ್ದ ಡಾಕ್ಟರ ಅಳಿಯ ಆಗಷ್ಟೇ ಏಳರಲ್ಲಿ ಹೊಡೆದು ದಾಟಿಸಿದ್ದ. ಅಳಿಯನಿಗೆ ಏಳು ಸಾಕಾದರೆ ಮಾವನಿಗೆ ಐದೇಕೆ? ಡಾಕ್ಟರು ಗಜಕಡ್ಡಿಯ ಕೈಯನ್ನು ತಳ್ಳಿ ಏಳನ್ನು ಎಳೆದಿದ್ದರು. ಅವರ ಉಗುರು ಗೀರಿದ ಜಾಗ ಇನ್ನೂ ಉರಿಯುತ್ತಿತ್ತು.

"ಬಾಯಲ್ಲೇನು ಕಡುಬು ತುಂಬ್ಕೊಂಡಿದ್ಯಾ? ಮಾತಾಡೋ!"

"ನಾನು ಕೈಯಿಟ್ಟಿದ್ದು ಐದರ ಮೇಲೆ, ಸಾರ್. ನೀವೇ ತಳ್ಳಿದ್ರಿ."

ಅಳಿಯ ಕಿಸಕ್ಕನೆ ನಕ್ಕ. "ನಾನೂ ನೋಡ್ದೆ ಬಿಡಿ ಮಾವ."

ಆ ನಗು ಡಾಕ್ಟರ ಮೈಗೆ ಕೆಂಡ ಸುರಿದಂತಾಯಿತು. ಉಳಿದ ಆಟ ಬಿಟ್ಟು ನೆಟ್ಟಗೆ ದೂರಿನ ಪುಸ್ತಕವಿದ್ದ ಕೋಣೆಗೆ ನಡೆದರು. ಅಳಿಯನೂ ಗಜಕಡ್ಡಿಯೂ ಹಿಂಬಾಲಿಸಿದರು. ಅಲ್ಲಿ ಚೀಲ ಹೊರುವವರ ಮೇಲ್ವಿಚಾರಕನಾಗಿ ಕೂತವನು ಗಜಕಡ್ಡಿಯ ಹೆಂಡತಿಯ ತಮ್ಮ.

"ಭಾವ, ನಿಮ್ಮ ಮೇಲೆ ಈ ವರ್ಷ ಇದು ಮೂರನೇ ದೂರು," ಎಂದ ಅವನು, ದನಿ ತಗ್ಗಿಸಿ. "ಪುಸ್ತಕಕ್ಕೆ ಬಿದ್ರೆ ನಿಮ್ಮ ಬಿಲ್ಲೆ ಹೋಯ್ತು. ನಾಳೆಯಿಂದ ಗೇಟೊಳಗೆ ಬಿಡಲ್ಲ. ಡಾಕ್ಟ್ರು ಬರೆಯೋಕೆ ಮುಂಚೆ ಏಳು ಕೊಟ್ಟಿದ್ದು ನಾನೇ ಅಂದ್ಬಿಡಿ."

"ನನ್ನ ಅಳಿಯನ ಎದುರಿಗೇ ಹೇಳ್ಬೇಕು," ಎಂದರು ಡಾಕ್ಟರು. "ನನ್ನನ್ನ ಸುಳ್ಳುಗಾರ ಮಾಡಿದಾನೆ ಇವನು."

"ನಾನೇನೂ ಮಾಡ್ಲಿಲ್ಲ ಸಾರ್. ನೀವೇ ಆಗಿದ್ದು."

"ನೋಡಯ್ಯಾ, ನೋಡು! ಇವನ ನಾಲಿಗೆ ನೋಡು!"

"ಸುಮ್ನಿರಿ ಭಾವ! ಐದೋ ಏಳೋ, ಯಾರಪ್ಪನ ಗಂಟು ಹೋಗತ್ತೆ?"

"ನಂದು ಹೋಗತ್ತೆ." ಗಜಕಡ್ಡಿ ಮೇಜಿನ ಮೇಲೆ ಬಗ್ಗಿದ. "ಈ ಕೆಲಸ ನಿನಗೆ ಕಲಿಸಿದ್ದು ನಾನು. ಬಾವುಟ ಹನ್ನೆರಡು ಹೆಜ್ಜೆ ಆಚೆ. ಗಾಳಿ ಎದುರಿಗೆ. ಆ ಜಾಗದಲ್ಲಿ ನೀನಾಗಿದ್ರೆ ಇವರಿಗೆ ಏಳು ಕೊಡ್ತಿದ್ಯಾ?"

ಮೈದುನ ಡಾಕ್ಟರ ಮುಖ ನೋಡಿದ. ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

"ಕೊಡ್ತಿದ್ದೆ," ಎಂದ.

ಗಜಕಡ್ಡಿ ಅಂಗಿಯಿಂದ ಬಿಲ್ಲೆ ಬಿಚ್ಚಿ ಪುಸ್ತಕದ ಮೇಲಿಟ್ಟ.

"ಅಯ್ಯೋ, ಇದೇನು ಹುಚ್ಚಾಟ ಭಾವ! ಕೂತ್ಕೊಳ್ಳಿ, ಮಾತಾಡೋಣ. ಡಾಕ್ಟ್ರೇ, ನೀವಾದ್ರೂ ಒಂದು ನಿಮಿಷ... ಭಾವ, ಅಕ್ಕನಿಗೆ ನಾನು ಏನಂತ..."

ಅಷ್ಟರಲ್ಲಿ ಗಜಕಡ್ಡಿ ಹೊಸ್ತಿಲು ದಾಟಿ ಹೊರಟಾಗಿತ್ತು.