ಆರು ನಿಮಿಷ ಎಂಟು ಸೆಕೆಂಡಿನ ಹಾಡು

ಹೊಲಿಗೆ ಯಂತ್ರ ರಿಪೇರಿ ಮಾಡುವವರನ್ನು ಮೇಷ್ಟ್ರು ಎಂದು ಯಾಕೆ ಕರೆಯುತ್ತಾರೆಂದು ಹೊಸಬರು ಕೇಳುವುದುಂಟು. ಒಮ್ಮೆ ಅವರ ಕೈಗೆ ಯಂತ್ರ ಕೊಟ್ಟು ನೋಡಿದವರು ಕೇಳುವುದಿಲ್ಲ. ದಾರ ಯಾಕೆ ಹರಿಯುತ್ತಿತ್ತು, ಹರಿಯದ ಹಾಗೆ ನೀವೇನು ಮಾಡಬಹುದಿತ್ತು, ಇದೇ ಯಂತ್ರವನ್ನು ನಿಮ್ಮ ಅತ್ತೆ ಇಪ್ಪತ್ತು ವರ್ಷ ಎಷ್ಟು ಚೊಕ್ಕವಾಗಿ ಇಟ್ಟುಕೊಂಡಿದ್ದರು, ಇಷ್ಟೂ ಪಾಠ ಮುಗಿದ ಮೇಲೆಯೇ ಯಂತ್ರ ವಾಪಸು ಬರುವುದು. ಹಾಗಾಗಿ ಮಿಷನ್ ಮೇಷ್ಟ್ರು.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ, ಮೆಟ್ಟಿಲ ಕೆಳಗೆ ಉಳಿದುಹೋದ ಜಾಗ. ಮಧ್ಯದಲ್ಲಿ ನಿಂತು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮೇಷ್ಟ್ರು ಇದನ್ನು ಅನುಕೂಲಗಳ ಪಟ್ಟಿಗೆ ಸೇರಿಸಿದ್ದಾರೆ. ಬಿಸ್ಕತ್ತಿನ ಡಬ್ಬಿಗಳಲ್ಲಿ ಸೂಜಿ, ಬಾಬಿನ್, ಸ್ಕ್ರೂ. ಮೂಲೆಯಲ್ಲಿ ಲೋಹ ಕಡೆಯಲು ಮೊಳದುದ್ದದ ಒಂದು ಲೇತ್. ಯಂತ್ರ ಬಂದ ಕೂಡಲೇ ಅವರು ಬಿಚ್ಚುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ, ಹಿಡಿಯನ್ನು ತಮ್ಮ ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಚಕ್ರ ತಿರುಗಿಸುತ್ತಾರೆ. "ಕೆಳಗಿನ ಹಲ್ಲು ಸವೆದಿದೆ" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಸವೆದಿರುತ್ತದೆ. ಈ ಕಿವಿಯ ಸಲುವಾಗಿ ಅಂಗಡಿಯಲ್ಲಿ ರೇಡಿಯೊ ಇಲ್ಲ, ಹಾಡಿಲ್ಲ. ಗಿರಾಕಿಗಳ ಫೋನು ಕೂಡ ಬಾಯಿ ಮುಚ್ಚಿಕೊಂಡಿರಬೇಕು.

ಕಿವಿ ಬಿಟ್ಟರೆ ಅವರ ಹೆಮ್ಮೆ ಹೆಬ್ಬೆರಳು. ಅಳತೆ ಹಿಡಿಯುವ ಕ್ಯಾಲಿಪರ್ ಯಾವುದೋ ಡಬ್ಬಿಯಲ್ಲಿದೆ, ಯಾವುದೆಂದು ಅವರಿಗೇ ಮರೆತುಹೋಗಿದೆ. "ಉಗುರು ಇಟ್ಟು ನೋಡಿದ್ರೆ ಸಾಕು. ನನ್ನ ಉಗುರು ಸುಳ್ಳು ಹೇಳಲ್ಲ" ಎನ್ನುತ್ತಾ ಮೂವತ್ತೈದು ವರ್ಷ ಕಳೆದಿದ್ದಾರೆ.

ಇಷ್ಟೊಂದು ನಿಶ್ಶಬ್ದ ಬೇಡುವ ಮನುಷ್ಯರ ಜೀವನದ ದೊಡ್ಡ ಪ್ರೀತಿ ಒಂದು ಹಾರ್ಡ್ ರಾಕ್ ಬ್ಯಾಂಡು. ಭುಜ ದಾಟಿ ಕೂದಲು ಬಿಟ್ಟ ಐದು ಜನ ದೂರದೂರಿನವರು. ಏಳು ವರ್ಷ ಒಟ್ಟಿಗಿದ್ದು, ನಾಲ್ಕು ಡಿಸ್ಕ್ ಮಾಡಿ, ಕಚ್ಚಾಡಿಕೊಂಡು ಬೇರೆಯಾದರು. ಅವರಿಗೊಂದು ಹೆಸರೂ ಇತ್ತು. ಆದರೆ ಮೇಷ್ಟ್ರ ಅಂಗಡಿಯಲ್ಲಿ ಅದನ್ನು ಹೇಳುವ ಅಗತ್ಯ ಬಿದ್ದದ್ದಿಲ್ಲ. ಬ್ಯಾಂಡು ಎಂದರೆ ಅದೇ, ಉಳಿದದ್ದೆಲ್ಲ ಗದ್ದಲ.

ಈ ಪ್ರೀತಿಯಲ್ಲಿ ಅವರಿಗೊಬ್ಬರು ಪಾಲುದಾರರಿದ್ದರು: ಹೆಂಡತಿಯ ಅಣ್ಣ. ಎದುರು ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಅವರನ್ನು ಮೇಷ್ಟ್ರ ಮಗಳು ಚಿಕ್ಕಂದಿನಲ್ಲಿ ಮಾತ್ರೆ ಮಾವ ಎಂದು ಕರೆದು, ಅದು ಊರಿಗೆಲ್ಲ ಹಬ್ಬಿ, ಮೇಷ್ಟ್ರ ಬಾಯಲ್ಲಿ ಮಾತ್ರೆ ಭಾವ ಆಗಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಜನರ ಮುಂದೆ ಒಬ್ಬರಿಗೊಬ್ಬರು "ಭಾವ". ಬ್ಯಾಂಡಿನ ಮಾತು ಬಂದರೆ ಸಂಬಂಧ ಮರೆತು "ಲೋ".

ಹುಡುಗರಾಗಿದ್ದಾಗ ಒಂದೇ ಮಧ್ಯಾಹ್ನ, ಒಬ್ಬ ಗೆಳೆಯನ ಮನೆಯ ಡಿಸ್ಕಿನಿಂದ ಇಬ್ಬರೂ ಒಂದೊಂದು ಕ್ಯಾಸೆಟ್ಟಿಗೆ ಬ್ಯಾಂಡಿನ ಮೂರನೆಯ ಡಿಸ್ಕನ್ನು ಇಳಿಸಿಕೊಂಡಿದ್ದರು. ಇಬ್ಬರ ಹತ್ತಿರವೂ ಒಂದೇ ಕಂಪನಿಯ, ಒಂದೇ ಬಣ್ಣದ ಪ್ಲೇಯರು. ಮೊದಲ ಎರಡು ವರ್ಷ ಅವರ ನಡುವೆ ಎಳ್ಳಷ್ಟೂ ಭಿನ್ನಾಭಿಪ್ರಾಯವಿರಲಿಲ್ಲ. ಜಗಳ ಶುರುವಾದದ್ದು ಮೇಷ್ಟ್ರ ಮದುವೆಯ ವರ್ಷ. ಹೆಣ್ಣು ಕೊಟ್ಟು ತಂದ ಮೇಲೆ ಎಲ್ಲ ಕಡೆ ಇದ್ದದ್ದೇ ಎಂದು ಹಿರಿಯರು ತಲೆದೂಗಿ ಸುಮ್ಮನಾದರು.

ಜಗಳ ಪ್ರತಿ ಶನಿವಾರ ಮಧ್ಯಾಹ್ನ, ಔಷಧಿ ಅಂಗಡಿ ಅರ್ಧ ದಿನಕ್ಕೆ ಮುಚ್ಚಿದ ಮೇಲೆ, ಮೇಷ್ಟ್ರ ಸ್ಟೂಲಿನ ಮೇಲೆ.

"ಆ ಡ್ರಮ್ಮಿನವನು ಒಂದೊಂದು ಪೆಟ್ಟಿಗೂ ಹೆಂಗೆ ಕಾಯಿಸ್ತಾನೆ ನೋಡು. ಮುಂದಿಂದು ಬರುತ್ತೋ ಇಲ್ವೋ ಅಂತ ಎದೆ ಹಿಡ್ಕೊಂಡು ಕೂರಬೇಕು. ಆಮೇಲೆ ಬಂದವರೆಲ್ಲ ಭಾರ ಅಂದ್ರೇನು ಅಂತ ಕಲಿತಿದ್ದು ಇವರಿಂದ" ಎನ್ನುವರು ಮೇಷ್ಟ್ರು.

"ಕಾಯಿಸೋಕೆ ಅವನೇನು ಕಚೇರಿ ಗುಮಾಸ್ತನೇನೋ? ಅವನು ಓಡ್ತಾನೆ. ಗಿಟಾರಿನವನು ಅಟ್ಟಿಸ್ಕೊಂಡು ಬರ್ತಾನೆ. ಆಮೇಲೆ ಬಂದವರೆಲ್ಲ ಓಡಿದ್ದು ಇವರ ಹಿಂದೆ ಕಣೋ."

"ಓಡ್ತಾರಾ? ನಿನ್ನ ಅಂಗಡೀಲೇ ಕಿವಿಗೆ ಬಿಡೋ ಔಷಧಿ ಇದೆಯಲ್ಲ, ನಾಲ್ಕು ಹನಿ ಬಿಟ್ಕೊ."

"ಹಾಡೋವನ ಗಂಟಲು ಕತ್ತಿ ಇದ್ದ ಹಾಗಿದೆ."

"ಗುಹೆ ಇದ್ದ ಹಾಗಿದೆ."

ಇದನ್ನು ಕೂತು ಕೇಳಿ ತೀರ್ಮಾನಿಸಲು ದಾರಿಯಿರಲಿಲ್ಲ. ಅಂಗಡಿಯಲ್ಲಿ ಹಾಡು ಕೂಡದು. ಎರಡೂ ಮನೆಗಳ ಹೆಂಗಸರು, ಈ ಇಬ್ಬರು ಗಂಡಸರು ಒಟ್ಟಿಗಿರುವಾಗ ಆ ಕ್ಯಾಸೆಟ್ ಹಾಕಕೂಡದೆಂದು ಒಮ್ಮತದ ಆಜ್ಞೆ ಹೊರಡಿಸಿದ್ದರು. ಒಮ್ಮೆ ಚಹದ ಅಂಗಡಿಯಲ್ಲಿ ಅದೇ ಹಾಡು ಕೇಳಿಸಿದಾಗ, ಅಂಗಡಿಯ ಪ್ಲೇಯರ್ ಕೆಟ್ಟಿದೆ ಎಂದು ಇಬ್ಬರೂ ಹೇಳಿದರು. ಹಾಡು ಹೆಚ್ಚು ಓಡುತ್ತಿದೆ ಎಂದು ಒಬ್ಬರು, ತೆವಳುತ್ತಿದೆ ಎಂದು ಇನ್ನೊಬ್ಬರು. ಚಹ ಆರಿಹೋಯಿತು. ಮಗಳು ಫೋನಿನಲ್ಲಿ ಹಾಕಿ ತೋರಿಸಿದರೆ, ಫೋನು ಎಲ್ಲವನ್ನೂ ತೆಳ್ಳಗೆ ಮಾಡುತ್ತದೆ ಎಂದು ಮೇಷ್ಟ್ರು ಮೂಗು ಮುರಿದರು.

ಇದಕ್ಕೊಂದು ಕೊನೆ ಕಾಣಿಸಲು ಹೊರಟವರು ಲೈಬ್ರರಿ ಮೇಡಂ. ಅವರ ಹೊಲಿಗೆ ಯಂತ್ರ ಮೂರು ಶನಿವಾರ ಅಂಗಡಿಯಲ್ಲಿತ್ತು, ಮೂರೂ ಶನಿವಾರ ಅವರು ಬಾಗಿಲಲ್ಲಿ ನಿಂತು ವಾದ ಕೇಳಿದ್ದರು. ಲೈಬ್ರರಿಯ ಹಿಂದೆ ನಲವತ್ತು ಕುರ್ಚಿಯ ಹಾಲ್ ಇದೆ. ಪತ್ರಿಕೆ ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಮಾಡುವವರನ್ನು ಬಿಟ್ಟರೆ ಅಲ್ಲಿಗೆ ಯಾರೂ ಬರುವುದಿಲ್ಲ.

"ಭಾನುವಾರ ಅಲ್ಲೇ ಚರ್ಚೆ ಇಡ್ತೀನಿ. ಬ್ಯಾಂಡಿನ ಹಿರಿಮೆ ಏನು, ಅವರು ಬಿಟ್ಟುಹೋದದ್ದೇನು. ಲೈಬ್ರರೀಲಿ ಆ ಡಿಸ್ಕೂ ಇದೆ, ಹಾಡನ್ನೂ ಕೇಳಿಸೋಣ. ಜನ ಕೈ ಎತ್ತಿ ತೀರ್ಪು ಕೊಡಲಿ" ಅಂದರು ಮೇಡಂ.

"ಸೋತವರು ಇನ್ನು ಮೇಲೆ ಬ್ಯಾಂಡಿನ ಸುದ್ದಿ ಎತ್ತಬಾರದು. ಜನ್ಮದಲ್ಲಿ" ಅಂದರು ಭಾವ, ಬಿಸಿಯಲ್ಲಿ.

"ಆಗಲಿ" ಅಂದರು ಮೇಷ್ಟ್ರು, ಅವರಿಗಿಂತ ಬಿಸಿಯಲ್ಲಿ. ಅಂದ ಕೂಡಲೇ ಅನ್ನಬಾರದಿತ್ತು ಅನಿಸಿತು. ಆದರೆ ಆಡಿದ ಮಾತು, ಕತ್ತರಿಸಿದ ಬಟ್ಟೆ.

ಮೇಡಂ ಕಟ್ಟುನಿಟ್ಟಿನವರು. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಕೇಳಿಸಬೇಕಾದ ಹಾಡು ಯಾವುದು, ಎಷ್ಟು ಹೊತ್ತಿನದು ಎಂದು ಬರೆಸಿಕೊಂಡರು. ಇಬ್ಬರೂ ಬರೆದದ್ದು ಎರಡನೇ ಬದಿಯ ಮೊದಲ ಹಾಡು. ಇಬ್ಬರೂ ಮನೆಯಲ್ಲಿ ಗಡಿಯಾರ ಹಿಡಿದು ಎಣಿಸಿದ್ದರು.

ಗುರುವಾರ ಮೇಡಂ ಎರಡು ಹಾಳೆಯನ್ನೂ ಲೈಬ್ರರಿಯ ಡಿಸ್ಕಿನ ರಟ್ಟನ್ನೂ ಹಿಡಿದು ಅಂಗಡಿಗೆ ಬಂದರು. "ಮೇಷ್ಟ್ರೇ, ನೀವು ಆರು ನಿಮಿಷ ಎಂಟು ಸೆಕೆಂಡ್ ಅಂತ ಬರೆದಿದ್ದೀರಿ. ನಿಮ್ಮ ಭಾವ ಐದು ಮೂವತ್ತಮೂರು. ಈ ರಟ್ಟಿನ ಮೇಲೆ ಐದು ಐವತ್ತು ಅಂತ ಅಚ್ಚಾಗಿದೆ. ಯಾರ ಗಡಿಯಾರ ನಂಬಲಿ?"

"ನೋಡಿ ಹೇಳ್ತೀನಿ" ಅಂದರು ಮೇಷ್ಟ್ರು. ನೋಡುವುದೇನೂ ಇರಲಿಲ್ಲ. ತಿರುಗುವ ವಸ್ತುಗಳ ಜೊತೆ ಬಾಳಿದವರಿಗೆ ಅಷ್ಟು ಸಾಕು. ಮದುವೆಯ ವರ್ಷ, ಒಂದೇ ಬೇಸಿಗೆಯಲ್ಲಿ, ಎರಡೂ ಪ್ಲೇಯರುಗಳೊಳಗಿನ ಮೋಟಾರಿನ ಪ್ಲಾಸ್ಟಿಕ್ ಗಾಲಿ ಸೀಳಿಹೋಗಿತ್ತು. ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಮೇಷ್ಟ್ರೇ ಲೇತಿನ ಮೇಲೆ ಎರಡು ಹಿತ್ತಾಳೆ ಗಾಲಿ ಕಡೆದು, ಉಗುರಿಟ್ಟು ಅಳೆದು, ಒಂದನ್ನು ತಮ್ಮದಕ್ಕೂ ಒಂದನ್ನು ಹೊಸ ಭಾವನದಕ್ಕೂ ಹಾಕಿದ್ದರು. ಆ ಕೆಲಸದ ಹೊಗಳಿಕೆ ಮದುವೆಯ ಊಟದಲ್ಲೂ ನಡೆದಿತ್ತು.

ಮೇಡಂ ಹೋದ ಮೇಲೆ ಹನ್ನೊಂದು ಡಬ್ಬಿ ಸುರಿದು ಕ್ಯಾಲಿಪರ್ ಹುಡುಕಿದರು. ಮನೆಗೆ ಹೋಗಿ ತಮ್ಮ ಪ್ಲೇಯರ್ ಬಿಚ್ಚಿ ಅಳೆದರು. ಗಾಲಿ ಇರಬೇಕಾದದ್ದಕ್ಕಿಂತ ಕೂದಲೆಳೆಯಷ್ಟಲ್ಲ, ನಾಲ್ಕೈದು ಕೂದಲೆಳೆಯಷ್ಟು ತೆಳ್ಳಗಿತ್ತು. ಗಾಲಿ ತೆಳ್ಳಗಾದರೆ ಟೇಪು ನಿಧಾನ, ದಪ್ಪಗಾದರೆ ಜೋರು. ಭಾವನ ಗಾಲಿ ಎಷ್ಟು ದಪ್ಪವೆಂದು ಅಳೆಯಲು ಎದುರು ರಸ್ತೆಗೆ ಹೋಗಬೇಕಿರಲಿಲ್ಲ.

ಶುಕ್ರವಾರ ಸರಿಯಾದ ಅಳತೆಯ ಹೊಸ ಗಾಲಿ ಕಡೆದು ಕೂರಿಸಿ, ಹಾಡು ಹಾಕಿದರು. ಐದು ನಿಮಿಷ ಐವತ್ತು, ಒಂದು ಸೆಕೆಂಡ್ ಆಚೆ ಈಚೆ ಇಲ್ಲ. ಡ್ರಮ್ಮಿನವನು ಯಾರನ್ನೂ ಕಾಯಿಸಲಿಲ್ಲ. ಬಸ್ಸು ಹಿಡಿಯಬೇಕಾದವನ ಹಾಗೆ ಬಾರಿಸಿ ಮುಗಿಸಿದ. ಗುಹೆಯಂಥ ಗಂಟಲಿನವನು ನೆಗಡಿ ವಾಸಿಯಾಗಿ ಎದ್ದು ಬಂದ ಹಾಗಿದ್ದ. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಐದು ಜನ ಎದ್ದು ಹೋಗಿ, ಅವರಂತೆಯೇ ಬಟ್ಟೆ ಹಾಕಿದ ಬೇರೆ ಯಾರೋ ಬಂದು ನಿಂತಂತಿತ್ತು. ಮೇಷ್ಟ್ರು ಟೇಪು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಹಾಕಿದರು.

ಇಸ್ತ್ರಿ ಮಾಡುತ್ತಿದ್ದ ಹೆಂಡತಿ ತಿರುಗಿ ನೋಡಿದರು. "ಏನ್ರೀ, ಮುಖ ಹಿಂಗಾಗಿದೆ?"

ಮೇಷ್ಟ್ರು ಎಲ್ಲ ಹೇಳಿದರು. ಹೆಂಡತಿ ನಗಲಿಲ್ಲ, ತುಟಿ ಮಾತ್ರ ಬಿಗಿ ಹಿಡಿದರು.

"ಭಾನುವಾರ ಹಾಲ್‌ನಲ್ಲಿ ಸರಿಯಾದ ವೇಗದಲ್ಲೇ ಹಾಕ್ತಾರೆ. ನಮ್ಮಣ್ಣ ಏನಂದ್ಕೋತಾನೆ? ತನ್ನ ಕಿವೀನೇ ಹೋಯ್ತು ಅಂದ್ಕೋತಾನೆ. ಮೊದಲೇ ಕನ್ನಡಕದ ನಂಬರ್ ಏರಿದ್ದಕ್ಕೆ ಒಂದು ವಾರ ಊಟ ಬಿಟ್ಟವನು."

"ಹೇಳಿದ್ರೆ ನನ್ನ ಮರ್ಯಾದೆ?"

"ಅದೂ ನಿಮ್ಮ ಉಗುರಷ್ಟೇ ಇರೋದು. ಅವನು ಸೋತು ಬಾಯಿಗೆ ಬೀಗ ಹಾಕ್ಕೊಂಡ್ರೆ ಶನಿವಾರ ಮಧ್ಯಾಹ್ನ ಏನ್ಮಾಡ್ತೀರಿ? ಮನೇಗೆ ಬಂದು ನನ್ನ ಹತ್ರ ಮಾತಾಡ್ತಾ ಕೂರ್ತೀರಾ? ಅದಾಗಲ್ಲ. ಹೋಗಿ ಹೇಳಿ ಬನ್ನಿ."

ಶನಿವಾರ ಮೇಷ್ಟ್ರೇ ಔಷಧಿ ಅಂಗಡಿಗೆ ಹೋದರು. ಕೆಮ್ಮಿನವರು ಇಬ್ಬರು, ಮಂಡಿನೋವಿನವರು ಒಬ್ಬರು ಹೋಗುವವರೆಗೆ ತೂಕದ ಯಂತ್ರದ ಮೇಲೆ ನಿಂತಿದ್ದು, ಆಮೇಲೆ ಹಳೆಯ ಗಾಲಿಯನ್ನೂ ಕ್ಯಾಲಿಪರನ್ನೂ ಗಾಜಿನ ಮೇಲಿಟ್ಟರು. ಗಾಲಿ, ಬೆಲ್ಟು, ಟೇಪು, ಎಲ್ಲ ವಿವರಿಸಿದರು. ಜೀವನದಲ್ಲಿ ಮೊದಲ ಬಾರಿಗೆ ಅವರ ಪಾಠ ಚಿಕ್ಕದಾಗಿತ್ತು.

ಭಾವ ಗಾಲಿಯನ್ನು ಮಾತ್ರೆ ಎಣಿಸುವ ತಟ್ಟೆಯಲ್ಲಿಟ್ಟು ಬೆರಳಿನಿಂದ ಉರುಳಿಸಿ ನೋಡಿದರು. "ಅಂದ್ರೆ ಮೂವತ್ತೆರಡು ವರ್ಷ ನಾನು ಬ್ಯಾಂಡನ್ನ ಕೇಳಿಲ್ಲ. ನಿನ್ನ ಉಗುರನ್ನ ಕೇಳಿದ್ದೀನಿ."

"ನಾನೂ ಅದನ್ನೇ ಕೇಳಿದ್ದೀನಿ ಕಣೋ."

"ತಂಗೀನ ಕೊಟ್ಟಿದ್ದು ಸಾಲದು ಅಂತ ಪ್ಲೇಯರನ್ನೂ ಕೊಟ್ಟೆನಲ್ಲ ನಿನ್ನ ಕೈಗೆ" ಅಂದು ಭಾವ ಶಟರ್ ಅರ್ಧ ಎಳೆದರು. ಗಾಲಿಯನ್ನೂ ಕ್ಯಾಲಿಪರನ್ನೂ ಎತ್ತಿಕೊಂಡು, ಉಳಿದರ್ಧದ ಕೆಳಗೆ ಬಗ್ಗಿ ಮೇಷ್ಟ್ರು ಹೊರಬರಬೇಕಾಯಿತು. ಆ ಶನಿವಾರ ಸ್ಟೂಲು ಖಾಲಿ ಉಳಿಯಿತು. ಮೇಷ್ಟ್ರು ಒಂದು ಯಂತ್ರಕ್ಕೆ ಎರಡು ಸಲ ಎಣ್ಣೆ ಬಿಟ್ಟರು.

ಭಾನುವಾರ ಹಾಲ್‌ನಲ್ಲಿ ಇಪ್ಪತ್ತಾರು ಜನ ಸೇರಿದ್ದರು. ಅವರಲ್ಲಿ ಹತ್ತು ಜನರಾದರೂ ಎಚ್ಚರವಾಗಿದ್ದರು. ಭಾವ ಬಂದು ಮೊದಲ ಸಾಲಿನ ಇನ್ನೊಂದು ತುದಿಯಲ್ಲಿ ಕೂತರು, ಮುಖ ಕೊಡಲಿಲ್ಲ. ಗಾಲಿಯ ವಿಷಯ ಅವರು ಎದ್ದು ನಾಲ್ಕು ಮಾತಿನಲ್ಲಿ ಹೇಳಿದರೆ ಮೇಷ್ಟ್ರ ಮೂವತ್ತೈದು ವರ್ಷದ ಹೆಸರು ಮಣ್ಣುಪಾಲು. ಅದಕ್ಕೂ ಮೇಷ್ಟ್ರು ಸಿದ್ಧರಾಗಿಯೇ ಬಂದಿದ್ದರು. ಅದಕ್ಕಿಂತ ಅವರನ್ನು ಕಾಡುತ್ತಿದ್ದದ್ದು ಆ ಖಾಲಿ ಸ್ಟೂಲು.

ಮೇಡಂ ಹಾಡು ಹಾಕಿದರು. ಐದು ನಿಮಿಷ ಐವತ್ತು. ಮೇಷ್ಟ್ರು ಓರೆಗಣ್ಣಿನಿಂದ ನೋಡಿದರು. ಭಾವನ ಹುಬ್ಬು ಗಂಟಿಕ್ಕಿತ್ತು. ಕತ್ತಿಯಂಥ ಗಂಟಲು ಮೊಂಡಾಗಿ, ಓಡುವ ಡ್ರಮ್ಮಿನವನು ಕುಂಟುತ್ತಿದ್ದ ನೋವು ಆ ಮುಖದಲ್ಲಿ ಕಾಣುತ್ತಿತ್ತು. ಹಾಡು ಮುಗಿಯಿತು.

"ಈಗ ಹೇಳಿ. ಮೊದಲು ಯಾರು?" ಅಂದರು ಮೇಡಂ.

ಭಾವ ಎದ್ದರು. ಮೇಷ್ಟ್ರು ನೆಲ ನೋಡಿದರು.

"ಮೇಡಂ, ಇದರ ಮೇಲೆ ವಾದ ಮಾಡೋಕಾಗಲ್ಲ. ನಿಮ್ಮ ಪ್ಲೇಯರ್ ಕೆಟ್ಟಿದೆ."

"ಹೋದ ತಿಂಗಳು ಕೊಂಡಿದ್ದು ಸ್ವಾಮಿ."

"ಹಾಗಿದ್ರೆ ಹುಟ್ಟಾ ಕೆಟ್ಟಿದೆ. ಬೇಕಾದ್ರೆ ನಮ್ಮ ಭಾವನ್ನ ಕೇಳಿ. ಇಡೀ ಊರಲ್ಲಿ ಅವರಷ್ಟು ಕಿವಿ ಇರೋರು ಯಾರಿದ್ದಾರೆ?"

ಮೇಷ್ಟ್ರು ಎದ್ದು ನಿಂತರು. "ಹೌದು ಮೇಡಂ" ಅಂದರು. "ಕೆಟ್ಟಿದೆ. ಇದು ಬ್ಯಾಂಡೇ ಅಲ್ಲ."

ಮೂವತ್ತೆರಡು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಮೇಡಂ ಒಮ್ಮೆ ರಟ್ಟನ್ನು, ಒಮ್ಮೆ ಇವರಿಬ್ಬರನ್ನು ನೋಡಿ, ತೀರ್ಪಿಲ್ಲ ಎಂದು ಬರೆದುಕೊಂಡರು. ಸೋತವರಿಲ್ಲದ ಮೇಲೆ ಬಾಯಿ ಮುಚ್ಚಬೇಕಾದವರೂ ಇಲ್ಲ.

ಮುಂದಿನ ಶನಿವಾರ ಭಾವ ಟಾನಿಕ್ಕಿನ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ಅಂಗಡಿಗೆ ಬಂದರು. ಒಳಗೆ ಅವರ ಪ್ಲೇಯರಿತ್ತು.

"ಸರಿ ಮಾಡಿಕೊಡಲಾ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಕ್ಯಾಲಿಪರ್ ಈಗ ಮೇಜಿನ ಮೇಲೆಯೇ ಇರುತ್ತಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ. ನಿಂದಕ್ಕೆ ಹಳೇ ಗಾಲಿ ಹಾಕಿದ್ದೀಯಾ?"

"ಭಾನುವಾರವೇ ಹಾಕ್ದೆ."

"ಅದನ್ನ ನನಗೆ ಕೊಡು. ಇದು ನಿನ್ನ ಹತ್ರ ಇರಲಿ. ಒಂದು ವಾರ. ಅದೇನು ಭಾರ ಅಂತ ಬಡ್ಕೋತಿದ್ದೆಯಲ್ಲ, ನೋಡಿಯೇ ಬಿಡ್ತೀನಿ."

ಆ ವಾರ ಮೇಷ್ಟ್ರು ಭಾವನ ಬ್ಯಾಂಡನ್ನು ಐದು ಸಲ ಕೇಳಿದರು. ಮೂರನೆಯ ಸಲ ತಮ್ಮ ಬಲಗಾಲು ಪೆಡಲ್ ತುಳಿದ ಹಾಗೆ ಕುಣಿಯುತ್ತಿರುವುದನ್ನು ಕಂಡು ಅದರ ಮೇಲೆ ಎಡಗಾಲಿಟ್ಟು ಹಿಡಿದರು. ಹೆಂಡತಿ ನೋಡಿದ್ದರು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟರು.

ಶನಿವಾರ ಭಾವ ಸ್ಟೂಲಿನ ಮೇಲೆ ಕೂತು, ಚಹ ಒಂದು ಗುಟುಕು ಕುಡಿದು, ಗೋಡೆ ನೋಡುತ್ತಾ ಹೇಳಿದರು: "ಡ್ರಮ್ಮಿನವನು ಒಂದು ಕಡೆ ಕಾಯಿಸ್ತಾನೆ. ಒಪ್ಪಿದೆ. ಒಂದೇ ಕಡೆ."

ಮೇಷ್ಟ್ರು ಕೈಯಲ್ಲಿದ್ದ ಬಾಬಿನ್ ಕೆಳಗಿಟ್ಟರು. ತಮ್ಮ ಬಲಗಾಲಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಸ್ಟೂಲಿನ ಕಡೆಗೆ ಕುರ್ಚಿ ಎಳೆದುಕೊಂಡರು.

"ಒಂದೇ ಕಡೆನಾ? ಲೋ, ನಿನ್ನದನ್ನ ಒಂದು ವಾರ ಕೇಳಿದೆ ನಾನು. ಅದನ್ನ ಓಟ ಅಂತಾರೇನೋ?"